ಕಿಟಕಿಗೆ ಹಲಗೆ ಹೊಡೆದ ಕೋಣೆಯಿಂದ

ಭಾನುವಾರ
(ಹೊರಗೆ ಮಧ್ಯಾಹ್ನ, ನನ್ನ ಕೋಣೆಯಲ್ಲಿ ಮಾತ್ರ ಯಾವಾಗಲೂ ಕತ್ತಲೆ)

ನನ್ನ ಮುದ್ದಿನ ಅಮ್ಮನಿಗೆ, ಅಂದರೆ ಇನ್ನೆರಡು ವಾರಕ್ಕೆ ಮದುಮಗಳಾಗುವವಳಿಗೆ,

ನಗಬೇಡ. ಐವತ್ತೇಳರಲ್ಲಿ ಮದುಮಗಳು ಅನ್ನಿಸಿಕೊಳ್ಳುವ ಭಾಗ್ಯ ಎಷ್ಟು ಜನಕ್ಕಿದೆ? ಮೊನ್ನೆ ಫೋನಿನಲ್ಲಿ ನೀನು ಸೀರೆಯ ಬಣ್ಣ ಕೇಳಿದೆ. ನಾನು ಹೂಂ ಹೂಂ ಎನ್ನುತ್ತಾ ಏನೋ ನೆಪ ಹೇಳಿ ಇಟ್ಟುಬಿಟ್ಟೆ. ನಿನಗೆ ಆಗಲೇ ಅನುಮಾನ ಬಂದಿರುತ್ತದೆ. ಬಾಯಲ್ಲಿ ಹೇಳಲು ಹೋದರೆ ನೀನು ನಡುವೆ ಬಾಯಿ ಹಾಕುತ್ತೀ, ನಾನು ಅತ್ತುಬಿಡುತ್ತೇನೆ, ಕೊನೆಗೆ ಇಬ್ಬರೂ ವಿಷಯ ಬಿಟ್ಟು ಊಟ ಆಯಿತಾ ಎಂದು ಕೇಳಿಕೊಳ್ಳುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ. ಹಾಳೆಗಳ ಫೋಟೋ ತೆಗೆದು ನಿನ್ನ ಫೋನಿಗೆ ಕಳಿಸುತ್ತೇನೆ. ಕನ್ನಡಕ ಹಾಕಿಕೊಂಡು ನೀನೇ ಓದು, ಟೈಪಿಂಗ್ ಮೇಷ್ಟ್ರ ಕೈಲಿ ಓದಿಸಬೇಡ. ಹೊಸ ಮಗಳ ಬಂಡವಾಳ ಮದುಮಗನಿಗೆ ಈಗಲೇ ಗೊತ್ತಾಗುವುದು ಬೇಡ.

ನೀನು ಮುಖ ತೋರಿಸು ಅಂದಾಗಲೆಲ್ಲ ನಾನು ವಿಡಿಯೋ ಕಾಲ್ ತಪ್ಪಿಸುತ್ತೇನಲ್ಲ, ಅದಕ್ಕೆ ಕಾರಣ ಈ ಕೋಣೆ. ನಮ್ಮ ಸಿನಿಮಾದ ಕಥೆ ನಿನಗೆ ಗೊತ್ತು: ಪರದೇಶಕ್ಕೆ ಬಂದ ಹುಡುಗಿಯನ್ನು ಮನೆ ಮಾಲೀಕ ಕೂಡಿಹಾಕುತ್ತಾನೆ, ಅವಳ ಪಾಸ್‌ಪೋರ್ಟ್ ಸುಟ್ಟುಹಾಕುತ್ತಾನೆ, ಕೊನೆಗೆ ಅವಳು ಅವನನ್ನು ಕೊಂದು ಹೊರಗೆ ಬರುತ್ತಾಳೆ. ಸ್ಟುಡಿಯೋ ಹಿಡಿಯುವ ತಾಕತ್ತು ನಮಗೆಲ್ಲಿದೆ? ಲಾಂಡ್ರಿ ಅಂಗಡಿಯ ಮೇಲಿನ ನನ್ನ ಬಾಡಿಗೆ ಕೋಣೆಯೇ ಅವಳ ಜೈಲು. ಇರುವ ಒಂದೇ ಕಿಟಕಿಗೂ ಹಲಗೆ ಹೊಡೆದು ಕಪ್ಪು ಬಳಿದಿದ್ದೇವೆ. ಶೂಟಿಂಗ್ ಮುಗಿಯುವವರೆಗೆ ಒಂದು ಸಾಮಾನೂ ಅಲುಗುವಂತಿಲ್ಲ. ಒಂದು ಶಾಟಿನಲ್ಲಿ ಕುರ್ಚಿಯ ಮೇಲೆ ಟವೆಲ್ ಇದ್ದರೆ ಮುಂದಿನ ವಾರದ ಶಾಟಿನಲ್ಲೂ ಅಲ್ಲೇ, ಹಾಗೇ ಇರಬೇಕು, ಇಲ್ಲದಿದ್ದರೆ ನೋಡುವವರ ಕಣ್ಣಿಗೆ ಹೊಡೆಯುತ್ತದೆ. ಮೇಜಿನ ಮೇಲೆ ಅರ್ಧ ಕುಡಿದ ಚಹಾದ ಲೋಟವಿದೆ, ಬೂಷ್ಟು ಹಿಡಿದಿದೆ, ತೊಳೆಯುವ ಹಾಗಿಲ್ಲ. ಹಾಸಿಗೆಯ ಮುದುರು ಕೆಡಬಾರದೆಂದು ನಾನು ನೆಲದ ಮೇಲೆ ಮಲಗುತ್ತೇನೆ. ಚಿಕ್ಕವಳಿದ್ದಾಗ ಕೋಣೆ ಗುಡಿಸು ಎಂದು ನೀನು ಬಾಯಿ ಬಡಿದುಕೊಳ್ಳುತ್ತಿದ್ದೆ. ಈಗ ಗುಡಿಸಿದರೆ ಕ್ಯಾಮೆರಾದವನು ಬಾಯಿ ಬಡಿದುಕೊಳ್ಳುತ್ತಾನೆ. ಮೊದಮೊದಲು ತಮಾಷೆಯಾಗಿತ್ತು. ಈಗ ಬೆಳಗಾಯಿತೋ ಇಲ್ಲವೋ ತಿಳಿಯಬೇಕಾದರೂ ಮೆಟ್ಟಿಲಿಳಿದು ಬೀದಿಗೆ ಹೋಗಬೇಕು. ಉಸಿರು ಕಟ್ಟುತ್ತದೆ ಅಮ್ಮ.

ನಾವಿರುವುದೇ ನಾಲ್ಕು ಜನ. ನಾಯಕಿ ಆಸ್ಪತ್ರೆಯ ನರ್ಸ್, ರಜೆ ಸಿಕ್ಕ ದಿನ ಬಂದು ಅತ್ತು ಹೋಗುತ್ತಾಳೆ. ಕ್ಯಾಮೆರಾದವನಿಗೆ ಉದ್ದಪ್ಪ ಎಂದು ಹೆಸರಿಟ್ಟಿದ್ದೇನೆ. ಪಾಪ, ಅರ್ಥ ಗೊತ್ತಿಲ್ಲ, ಕರೆದರೆ ಓಗೊಡುತ್ತಾನೆ. ಖಳನಾಯಕ ಕೆಳಗಿನ ಲಾಂಡ್ರಿಯ ಯಜಮಾನರೇ, ನನ್ನ ನಿಜವಾದ ಮನೆ ಮಾಲೀಕರು. ಮುಖ ನೋಡಿದರೆ ಹೆದರಿಕೆ, ಮನಸ್ಸು ಬೆಣ್ಣೆ. ಕತ್ತು ಹಿಸುಕುವ ದೃಶ್ಯ ಮುಗಿದ ಕೂಡಲೇ ನೋವಾಯಿತೇನಮ್ಮ ಎಂದು ಕೇಳಿ ನರ್ಸಮ್ಮನಿಗೆ ನೀರು ತಂದುಕೊಡುತ್ತಾರೆ.

ಸುತ್ತಿ ಬಳಸಿದ್ದು ಸಾಕು, ವಿಷಯಕ್ಕೆ ಬರುತ್ತೇನೆ. ಪಾಸ್‌ಪೋರ್ಟ್ ಸುಡುವ ಶಾಟ್ ಹೋದ ವಾರ ಇತ್ತು. ಹೊರಗಿನ ರಟ್ಟನ್ನು ಹತ್ತಿರದಿಂದ ತೋರಿಸುವಾಗ ನನ್ನದೇ ಪಾಸ್‌ಪೋರ್ಟ್ ಬಳಸುತ್ತಿದ್ದೆವು. ಸುಡುವುದಕ್ಕೆಂದು ಅದೇ ಬಣ್ಣದ ರಟ್ಟು ಹಾಕಿ ನಾನೇ ಒಂದು ನಕಲಿ ಹೊಲಿದಿದ್ದೆ. ನಿನ್ನ ಮಗಳಲ್ಲವೇ, ಕೈಕೆಲಸ ಚೆನ್ನಾಗಿಯೇ ಬಂದಿತ್ತು. ಎರಡನ್ನೂ ಒಂದೇ ಡ್ರಾಯರಿನಲ್ಲಿ ಇಟ್ಟಿದ್ದೆ.

ಅವತ್ತು ಯಜಮಾನರು ಸುಡಲು ಸುತಾರಾಂ ಒಪ್ಪಲಿಲ್ಲ. ಅವರೂ ಹರೆಯದಲ್ಲಿ ಗಂಟುಮೂಟೆ ಕಟ್ಟಿಕೊಂಡು ಬೇರೆ ದೇಶದಿಂದ ಬಂದವರು. ಕತ್ತು ಬೇಕಾದರೆ ಹತ್ತು ಸಲ ಹಿಸುಕುತ್ತೇನೆ, ಇದನ್ನು ಮಾತ್ರ ಆಟಕ್ಕೂ ಮಾಡುವುದಿಲ್ಲ ಎಂದರು. ಕಾಣುವುದು ಕೈ ಮಾತ್ರ ತಾನೇ? ಅವರ ಕೋಟು, ಕೈಗವಸು ಹಾಕಿಕೊಂಡು ನಾನೇ ನಿಂತೆ. ಡ್ರಾಯರಿಗೆ ಕೈ ಹಾಕಿದೆ, ಸಿಕ್ಕಿದ್ದನ್ನು ತೆಗೆದೆ, ಕಡ್ಡಿ ಗೀರಿದೆ.

ಸುಟ್ಟದ್ದು ನಿಜವಾದದ್ದು. ಆಮೇಲೆ ಡ್ರಾಯರ್ ಎಳೆದು ನೋಡಿದರೆ ನಕಲಿ ಹಾಗೇ ಕೂತಿತ್ತು. ಉದ್ದಪ್ಪ ತಲೆಯ ಮೇಲೆ ಕೈ ಹೊತ್ತುಕೊಂಡ. ಅವಸರದಲ್ಲಿ ಆದ ತಪ್ಪು ಅಮ್ಮ, ಇನ್ನೇನೂ ಅಲ್ಲ.

ನಮ್ಮ ದೇಶದ ಕಚೇರಿಗೆ ಹೋಗಿ ವಿಚಾರಿಸಿದೆ. ಹೊಸದು ಬರಲು ತಿಂಗಳುಗಟ್ಟಲೆ ಆಗುತ್ತದಂತೆ. ಅವಸರವಿದ್ದರೆ ಊರಿಗೆ ಹೋಗಲು ಒಂದು ಸಲದ ಚೀಟಿ ಕೊಡುತ್ತಾರೆ. ಅದರಲ್ಲಿ ಹೋದವಳು ಹಾಗೇ ತಿರುಗಿ ಬರುವಂತಿಲ್ಲ. ವೀಸಾಗೆ ಮತ್ತೆ ಮೊದಲಿನಿಂದ ಅಲೆಯಬೇಕು, ಸಿಕ್ಕರೆ ಸಿಕ್ಕಿತು. ಇತ್ತ ಈ ಕಟ್ಟಡವನ್ನು ಮುಂದಿನ ತಿಂಗಳು ಕೆಡವುತ್ತಾರೆ. ಸಿನಿಮಾದಲ್ಲಿ ಕೊಲೆಯೇ ಇನ್ನೂ ಆಗಿಲ್ಲ. ಹೋದರೆ ಸಿನಿಮಾ ಇಲ್ಲ, ಇದ್ದರೆ ನಿನ್ನ ಪಕ್ಕದಲ್ಲಿ ನಾನಿಲ್ಲ. ಕಥೆಯ ಹುಡುಗಿಯಾದರೂ ಮಾಲೀಕನನ್ನು ಕೊಂದು ಹೊರಬೀಳುತ್ತಾಳೆ. ನಾನು ಯಾರನ್ನು ಕೊಲ್ಲಲಿ? ನನ್ನ ಮಾಲೀಕರು ಮೆಟ್ಟಿಲಲ್ಲಿ ಸಿಕ್ಕಾಗ ಊಟ ಮಾಡಿದೆಯಾ ಎಂದು ಕೇಳುತ್ತಾರೆ.

ಅಲ್ಲಿ ದೊಡ್ಡಪ್ಪ ಕಾಯುತ್ತಾ ಕೂತಿರುವುದೂ ಗೊತ್ತು. ಹೆತ್ತ ಮಗಳಿಗೇ ಈ ಮದುವೆ ಇಷ್ಟವಿಲ್ಲ, ಅದಕ್ಕೇ ಬರಲಿಲ್ಲ ಎಂದು ಊರಿಗೆಲ್ಲ ಸಾರುತ್ತಾರೆ. ನೀನೋ ಮಹಾ ಹಟಮಾರಿ. ನೀನು ಹೇಳಿದ್ದು ಇನ್ನೂ ಕಿವಿಯಲ್ಲೇ ಇದೆ: "ನೀನು ಪಕ್ಕದಲ್ಲಿ ನಿಂತ್ರೆ ಸಹಿ ಹಾಕ್ತೀನಿ. ಇಲ್ಲಾಂದ್ರೆ ಇನ್ನೊಂದ್ಸಲ ನೋಡೋಣ ಬಿಡು, ನಂಗೇನು ಅವಸರ?" ಹೀಗೇ ನನ್ನ ಓದು ಎಂದು ನೀನು ಮದುವೆಯನ್ನು ಒಮ್ಮೆ ಮುಂದೆ ಹಾಕಿದೆ, ನಾನು ಇಲ್ಲಿಗೆ ಹೊರಟೆ ಎಂದು ಇನ್ನೊಮ್ಮೆ. ಮೇಷ್ಟ್ರು ಮದುವೆಗೆಂದು ಎತ್ತಿಟ್ಟ ಆ ಬಿಳಿ ಅಂಗಿಗೆ ಎಷ್ಟು ಸಲ ಇಸ್ತ್ರಿ ಹಾಕಬೇಕು? ನಾನು ಬರುತ್ತಿಲ್ಲ ಅಮ್ಮ. ನೀನು ನೋಂದಣಿ ಕಚೇರಿಗೆ ಹೋಗು, ಸಹಿ ಹಾಕು. ದೊಡ್ಡಪ್ಪನಿಗೆ ಈ ಸಾಲು ತೋರಿಸು: ಈ ಮದುವೆ ನನಗೆ ಇಷ್ಟ, ತುಂಬಾ ಇಷ್ಟ. ಸೀರೆ ಹಸಿರೇ ಇರಲಿ, ನಿನಗೆ ಒಪ್ಪುತ್ತದೆ.

ಹಲಗೆಯ ಈಚೆಯಿಂದ,
ನಿನ್ನ ಕೂಸು

ತಾ.ಕ.: ನಿನ್ನನ್ನು ನಾನು ಬಲ್ಲೆ. ಪಾಪ, ಕೂಸಿನ ತಪ್ಪೇನಿದೆ, ಅವಳು ಬಂದ ಮೇಲೇ ಆಗಲಿ ಎನ್ನುತ್ತೀ. ಅದಕ್ಕೆ ಇದನ್ನೂ ಕೇಳು. ಕಡ್ಡಿ ಗೀರುವಾಗ ನನಗೆ ಗೊತ್ತಿರಲಿಲ್ಲ, ಅದು ನಿಜ. ಬೆಂಕಿ ಹತ್ತಿದ ಮೇಲೆ ಪುಟ ತಾನಾಗಿ ತೆರೆದುಕೊಂಡು ನನ್ನ ಫೋಟೋ ಕಂಡಿತು. ಆಗ ಸುಟ್ಟಿದ್ದು ರಟ್ಟಿನ ಮೂಲೆ ಮಾತ್ರ, ಊದಿದ್ದರೆ ಆರುತ್ತಿತ್ತು. ಆದರೆ ಬೆಳಕು ಅಷ್ಟು ಚೆನ್ನಾಗಿ ಬಂದಿತ್ತು, ನಾನು ಕೈ ಅಲುಗಿಸಲಿಲ್ಲ. ನಿನ್ನ ಮದುವೆ ನೆನಪಿಗೆ ಬರಲಿಲ್ಲ ಅಂತಲ್ಲ. ಬಂತು. ಆಮೇಲೂ ಹಿಡಿದೇ ಇದ್ದೆ. ಇಂಥವಳಿಗಾಗಿ ಇನ್ನು ಕಾಯಬೇಡ. ಸಿಟ್ಟು ಬಂತಾ? ಬರಲಿ. ಆ ಸಿಟ್ಟಿನಲ್ಲೇ ಹೋಗಿ ಸಹಿ ಹಾಕು.