ಬಾಯಿಗೆ ಹದಿನೈದು ದಿನದ ಪಥ್ಯ

ಮಸ್ಕಿ,
೧೪ ಡಿಸೆಂಬರ್ ೨೦೨೪, ಶನಿವಾರ

ಪ್ರೀತಿಯ ತಂಗಿ ಶಿವಕುಮಾರಿ,

ಹೇಗಿದ್ದೀ? ನಿನ್ನ ಮೊಣಕಾಲು ಈಗ ಮೆಟ್ಟಿಲು ಹತ್ತಲು ಬಿಡುತ್ತದೆಯೇ? ಬಾಣಂತಿ ಮಗಳು ಹೊಟ್ಟೆ ತುಂಬ ಉಣ್ಣುತ್ತಾಳೋ, ಕೂಸು ನಿದ್ದೆ ಮಾಡಗೊಡುತ್ತದೆಯೋ? ಎರಡು ವರ್ಷ ಮಾತಿಲ್ಲ ಕತೆಯಿಲ್ಲ, ಈಗ ಅಕ್ಕ ಯಾಕೆ ಕಾಗದ ಬರೆದಳೆಂದು ಗಾಬರಿಯಾಗಬೇಡ, ಎಲ್ಲರೂ ಗಟ್ಟಿಯಾಗಿದ್ದೇವೆ. ನನಗೆ ಮಾತಾಡುವ ಹಾಗಿಲ್ಲ, ಡಾಕ್ಟರು ಬಾಯಿಗೆ ಬೀಗ ಹಾಕಿದ್ದಾರೆ. ಮೊಬೈಲಿನಲ್ಲಿ ಅಕ್ಷರ ಒತ್ತುತ್ತ ಕೂರುವುದು ನನ್ನ ಕಣ್ಣಿಗೆ ಆಗದು. ಈಗ ನಗುತ್ತಿದ್ದೀಯಲ್ಲ? ನಗು, ನಗು.

ಮೊದಲು ಜಗಳದ ಮಾತು. ನಮ್ಮ ಮನೆತನದಲ್ಲಿ ಹೆಸರಿಡುವ ದಿನ ತೊಟ್ಟಿಲ ಹಗ್ಗ ಹಿಡಿದು ಮೊದಲ ಜೋಗುಳ ಹಾಡುವವಳು ಹಿರಿಮಗಳು. ಅವ್ವನ ನಂತರ ಅದು ನನ್ನ ಹಕ್ಕು. ಹೋದ ಸಲ ನಿನ್ನ ಮೊಮ್ಮಗನ ತೊಟ್ಟಿಲ ಮುಂದೆ ಎರಡನೇ ಸಾಲಿಗೆ ನಾನು ಕೆಮ್ಮಿದ್ದೇ ತಡ, ಬೀಗರ ಎದುರಿಗೇ ನೀನು ಹಗ್ಗ ಕಿತ್ತುಕೊಂಡು "ಸರಿ ಬೇ ಅಕ್ಕಾ, ನಿನ್ನ ಕೆಮ್ಮು ಕೂಸಿಗೆ ಹತ್ತೀತು" ಎಂದೆ. ನಾನು ಊಟ ಸಹ ಮಾಡದೆ ಮಸ್ಕಿ ಬಸ್ಸು ಹತ್ತಿದೆ. ಅಂದಿನಿಂದ ಈ ಕೆಮ್ಮಿಗೆ ಒಂದು ಚಿಟಿಕೆ ಔಷಧ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡರೆ ನಿನ್ನ ಮಾತು ನಿಜವೆಂದು ಒಪ್ಪಿದ ಹಾಗಾಗುತ್ತದಲ್ಲ! ಯಾರು ಕೇಳಿದರೂ "ಕೆಮ್ಮೆಲ್ಲೈತಿ? ಭತ್ತದ ದೂಳು" ಎನ್ನುತ್ತಿದ್ದೆ. ಸುಗ್ಗಿ ಮುಗಿದು ಮೂರು ತಿಂಗಳಾದರೂ ಅದೇ ದೂಳು. ಹಟ ನಮ್ಮ ಅಪ್ಪನದು, ನಿನಗೂ ಅರ್ಧ ಪಾಲು ಬಂದಿದೆ.

ಈಗ ಮೊಮ್ಮಗಳ ಹೆಸರಿಡುವ ಕಾರ್ಡು ನಮ್ಮ ಮನೆಯವರ ಮೊಬೈಲಿಗೆ ಬಂತು. ನನ್ನದಕ್ಕೆ ಬರಲಿಲ್ಲ, ಅದನ್ನೂ ನೋಡಿಕೊಂಡಿದ್ದೇನೆ. ಯಾರೂ ಇಲ್ಲದಾಗ ಅಡಿಗೆಮನೆಯಲ್ಲಿ ಜೋಗುಳ ಹಾಡಿ ನೋಡಿದೆ. ಮೂರು ಸಾಲು ದಾಟಲಿಲ್ಲ, ಕೆಮ್ಮಿ ಕೆಮ್ಮಿ ಒಲೆಯ ಕಟ್ಟೆ ಹಿಡಿದು ಕೂತುಬಿಟ್ಟೆ. ಅವ್ವ ಕೊಟ್ಟುಹೋದ ಹಾಡು ನನ್ನ ಗಂಟಲಲ್ಲೇ ಸತ್ತುಹೋಗುತ್ತದೆಯೇ ಎಂದು ಆವತ್ತು ನಿಜಕ್ಕೂ ಹೆದರಿದೆ. ಪಕ್ಕದ ಮನೆಯ ಖಾತೂನ್‌ಬೀ ಜೇಷ್ಠಮಧುವಿನ ಕಡ್ಡಿ ಹಿಡಿದು ಬಂದಳು. "ಎರಡು ವರ್ಷಾತು ಕೇಳಾಕತ್ತೀನಿ ಅಕ್ಕಾ, ನಿಮ್ಮ ದೂಳು ಗ್ವಾಡಿ ದಾಟಿ ಬರ್ತೈತಿ. ಇದನ್ನ ದವಡ್ಯಾಗ ಇಟಗೋರಿ" ಎಂದಳು. ಕಡ್ಡಿ ಜಗಿದರೆ ಗಂಟಲು ತುಸು ಹದವಾಯಿತು. ನಾನು ಅಷ್ಟಕ್ಕೆ ಬಿಡುವವಳೇ? ತುಳಸಿ, ಒಣಶುಂಠಿ, ಮೆಣಸು, ಹಿಪ್ಪಲಿ, ಆಡುಸೋಗೆ ಎಲೆ ಎಲ್ಲ ಒಂದೇ ಪಾತ್ರೆಗೆ ಹಾಕಿ, ಮೇಲೆ ಜೇನುತುಪ್ಪ ಸುರಿದು ಸಾರಿನ ಹಾಗೆ ಕುದಿಸಿ, ಒಂದೇ ದಿನ ಎರಡು ತಂಬಿಗೆ ಕುಡಿದೆ. ಹೊಟ್ಟೆ ಉರಿಯಿತು, ಬಾಯಿ ಉರಿಯಿತು, ಕೆಮ್ಮು ಮಾತ್ರ ಜಪ್ಪಯ್ಯ ಎನ್ನಲಿಲ್ಲ.

ಸೀರೆ ತರುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ ಸಿಂಧನೂರಿಗೆ ಹೋದೆ. ಅಲ್ಲಿ ಸುಕನ್ಯಾ ಅಂತ ಆಯುರ್ವೇದದ ಡಾಕ್ಟರು, ವಳಕಮದಿನ್ನಿಯ ಹುಡುಗಿ, ನನ್ನ ಅರ್ಧ ವಯಸ್ಸು. ಎರಡು ವರ್ಷದ ಕೆಮ್ಮೆಂದು ಕೇಳಿದವಳೇ ಮೊದಲು ಎಕ್ಸರೇ ತೆಗೆಸಿ ಕಫ ಪರೀಕ್ಷೆಗೆ ಕಳಿಸಿದಳು. ಎದೆ ಸ್ವಚ್ಛವಾಗಿದೆ, ಕೂಸಿಗೆ ಹತ್ತುವಂಥ ರೋಗವೂ ಅಲ್ಲ, ಅದನ್ನು ಎರಡೆರಡು ಸಲ ಕೇಳಿ ತಿಳಿದುಕೊಂಡಿದ್ದೇನೆ. ಗಂಟಲು ನಾಜೂಕಿನದು, ಖಾರಕ್ಕೆ, ದೂಳಿಗೆ, ಕೂಗಾಟಕ್ಕೆ ಕೆರಳುತ್ತದಂತೆ. ನನ್ನ ಕಷಾಯದ ಕತೆ ಕೇಳಿ ಹಣೆ ಹಣೆ ಬಡಿದುಕೊಂಡಳು. "ಅವ್ವಾರ, ಗಂಟಲಾ ಏನ್ ಕಡಾಯಿ ಅಂತ ತಿಳಕೊಂಡೀರೇನ್ರಿ? ಜೇನು ಕುದಸ್ತಾರೇನ್ರಿ ಯಾರರ?" ಎಂದು ಬೈದಳು. ಸಿತೋಪಲಾದಿ ಚೂರ್ಣ ಕೊಟ್ಟಳು. ಅರಿಶಿನ ಉಪ್ಪಿನ ಉಗುರುಬೆಚ್ಚಗಿನ ನೀರಿನಿಂದ ಬಾಯಿ ಮುಕ್ಕಳಿಸಬೇಕು, ರಾತ್ರಿ ಮೊಸರಿಲ್ಲ, ಮಿರ್ಚಿ ಬಜ್ಜಿಯಂತೂ ಕನಸಿನಲ್ಲೂ ಇಲ್ಲ. ಕೊನೆಗೆ ಎಲ್ಲಕ್ಕಿಂತ ಕಹಿ ಗುಳಿಗೆ: "ಔಷಧ ಅರ್ಧಾ, ಬಾಯಿ ಮುಚ್ಚೂದು ಅರ್ಧಾ. ಹದಿನೈದು ದಿನ ಪಿಟ್ ಅನ್ನಬ್ಯಾಡ್ರಿ."

ಶಿವು, ನಾನು! ಹದಿನೈದು ದಿನ! ಮೊದಲೆರಡು ದಿನ ಮನೆಯವರು ಹಬ್ಬ ಮಾಡಿದರು. "ಮನಿ ಎಷ್ಟು ತಣ್ಣಗಾಗೇತಿ" ಎಂದು ಬಂದವರಿಗೆಲ್ಲ ಹೇಳಿದರು. ತರಕಾರಿಯವನು ಬಾಡಿದ ಬದನೆಕಾಯಿ ತೂಗಿದ, ನಾನು ಕಣ್ಣು ಕೆಂಪು ಮಾಡಿದೆ, ಅವನು ನಕ್ಕ. ಸಿಟ್ಟೆಲ್ಲ ತಟ್ಟೆಗಳ ಮೇಲೆ ತೀರಿಸಿಕೊಂಡು ಎರಡು ತಟ್ಟೆ ಸೊಟ್ಟಗಾಗಿವೆ. ಐದನೇ ದಿನ ನಮ್ಮ ಮನೆಯವರೇ ಎದುರಿಗೆ ಬಂದು ಕೂತು "ಒಂದ್ಸಲ ಬೈದುಬಿಡ ಮಾರಾಯ್ತಿ, ಉಂಡದ್ದು ಮೈಗೆ ಹತ್ತವಲ್ದು" ಎಂದರು. ಅವರನ್ನು ನೋಡಿ ನನಗೆ ನಗುವೂ ಬಂತು, ಪ್ರೀತಿಯೂ ಬಂತು. ಈಗ ಕೆಮ್ಮು ಬಹಳ ಮಟ್ಟಿಗೆ ಇಳಿದಿದೆ, ರಾತ್ರಿ ನೆಟ್ಟಗೆ ನಿದ್ದೆಯಾಗುತ್ತದೆ.

ಬಾಯಿ ಮುಚ್ಚಿದ ಮೇಲೆ ತಲೆ ಕೆಲಸ ಮಾಡುತ್ತದೆ ನೋಡು. ಹಸುಗೂಸಿನ ಮುಖದ ಮೇಲೆ ಬಾಗಿ ಕೆಮ್ಮಿದರೆ ಯಾವ ಅಜ್ಜಿ ಸುಮ್ಮನಿರುತ್ತಾಳೆ? ನಿನ್ನ ಜಾಗದಲ್ಲಿ ನಾನಿದ್ದರೆ ಹಗ್ಗದ ಜೊತೆ ನಿನ್ನ ಕೈಯನ್ನೂ ಕಿತ್ತುಬಿಡುತ್ತಿದ್ದೆ. ತಪ್ಪು ನನ್ನದು. ಬೀಗರೆದುರು ಹೇಳಿದ್ದು ಮಾತ್ರ ನಿನ್ನದು, ಅದನ್ನು ಬಿಡುವುದಿಲ್ಲ.

ಬಾಣಂತಿಗೆ ನನ್ನ ಆಶೀರ್ವಾದ, ಮೊಮ್ಮಗನಿಗೆ ಮುತ್ತು, ಹೊಸ ಕೂಸಿಗೆ ದೃಷ್ಟಿ ತೆಗೆದು ನೆಟಿಕೆ. ನಿನಗೆ ಏನು ಕೊಡಬೇಕೋ ಹೆಸರಿಡಲು ಬಂದಾಗ ಕೊಡುತ್ತೇನೆ.

ನಿನ್ನ ಮೊಂಡು ಅಕ್ಕ,
ಗುರುಲಿಂಗಮ್ಮ

ತಡೆ, ಇದೊಂದು: ಕಾಗದವನ್ನು ಮನೆಯವರ ಕೈಯಲ್ಲೇ ಕಳಿಸುತ್ತಿದ್ದೇನೆ, ಲಿಂಗಸುಗೂರು ಬಸ್ಸಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿ ನಿಂತಿದ್ದಾರೆ. ಮೇಲೆ ಬೀಗವೆಂದು ಬರೆದದ್ದು ಬರೀ ನೆಪ, ಹದಿನೈದು ದಿನ ನಿನ್ನೆಗೇ ಮುಗಿದವು. ಅವರು ಎಣಿಸಿಲ್ಲ, ನಾನೂ ಹೇಳಿಲ್ಲ. ಬೆಳಿಗ್ಗೆಯಿಂದ ಬಾಯಿ ಬಿಟ್ಟಿಲ್ಲ, ಮೊದಲ ಮಾತು ನಿನ್ನ ಸಂಗಡ ಆಡಬೇಕೆಂದು ಹಿಡಿದುಕೊಂಡಿದ್ದೇನೆ. ಓದಿದ ಕೂಡಲೇ ಫೋನ್ ಮಾಡು. ನಾನು ಎತ್ತಿ ಸುಮ್ಮನಿದ್ದರೆ ಸಿಟ್ಟೆಂದು ತಿಳಿಯಬೇಡ, ಅಳುತ್ತಿರುತ್ತೇನೆ. ಅಳು ನಿಲ್ಲುವವರೆಗೆ ನೀನೇ ಏನಾದರೂ ಬೈಯುತ್ತಿರು, ಫೋನ್ ಇಡಬೇಡ.