ಹೊರಗೆ ಹೊಲಿಗೆ ಇಲ್ಲ ಅಂತ

ರೀ,

ಪುಲ್ಪಳ್ಳಿಗೆ ಕೆಲಸಕ್ಕೆ ಹೊರಟೆ, ಸಂಜೆ ಬರುತ್ತೇನೆ. ಗಂಜಿ ಒಲೆಯ ಪಕ್ಕದಲ್ಲಿದೆ, ಆರಿದ ಮೇಲೆ ಕುಡಿಯಿರಿ. ಎಲೆಅಡಿಕೆ ಡಬ್ಬಿ ನನ್ನ ಚೀಲದಲ್ಲಿದೆ, ಹುಡುಕಬೇಡಿ.

ಡಾಕ್ಟರು ಬಾಯಿಂದ ಕೊಳವೆ ಇಳಿಸಿ, ನಿಮ್ಮ ಎದೆಯೊಳಗೆ ಅನ್ನನಾಳದ ಬಿಗಿದ ಸ್ನಾಯು ಕತ್ತರಿಸಿದ್ದಾರೆ. ಹೊರಗೆ ಹೊಲಿಗೆ ಇಲ್ಲ ಅಂತ ನಿನ್ನೆ ನೀವು ಕಾಳುಮೆಣಸು ಕೊಯ್ಯಲು ಏಣಿ ಹತ್ತಿದಿರಿ. ಏಣಿ ಈಗ ಮಲ್ಲಿಗಮ್ಮನ ಮನೆಯಲ್ಲಿದೆ. ಮೆಣಸನ್ನು ಪಕ್ಕದ ತೋಟದ ಬಿಜು ಚೇಟನ್ ಕೊಯ್ಯುತ್ತಾರೆ.

ನೋಡಲು ಬಂದವರು "ಗಾಯ ಎಲ್ಲಿ?" ಅಂದರೆ ಬಾಯಿ ತೆರೆದು ತೋರಿಸಿ. ಅಂಗಿ ಬಿಚ್ಚಬೇಡಿ, ಚಳಿ ಇದೆ.

ಇವತ್ತು ರಾತ್ರಿಯಿಂದ ಮೆತ್ತಗಿನ ಅನ್ನ ಉಣ್ಣಬಹುದಂತೆ. ಎದೆಯಲ್ಲಿ ಸಿಕ್ಕಿಕೊಂಡ ತುತ್ತನ್ನು ಕಾರಲು ಇಷ್ಟು ವರ್ಷ ತಟ್ಟೆ ಹಿಡಿದುಕೊಂಡೇ ಹಿತ್ತಲಿಗೆ ಹೋಗುತ್ತಿದ್ದಿರಿ. ನಾನು ಬರುವವರೆಗೆ ಕಾಯಿರಿ. ಇವತ್ತು ನನ್ನ ಎದುರಿಗೆ ಕೂತು ಉಣ್ಣಿ.