ನೀಲಿ ಟೇಪಿನ ಮೇಲಿನ ಗುರುತು

ಪುಟ್ಟೀ,

ಜೀಪಿನ ಹೊದಿಕೆ ತೆಗೆಯುವ ಮೊದಲು ಇದನ್ನು ಓದು. ನಿನ್ನೆ ಎದುರಿಗೆ ಹೇಳಲು ಬಾಯಿ ಬರಲಿಲ್ಲ.

ನೀನು ಕೆಲಸದಿಂದ ಬರುವುದರೊಳಗೆ ಚಕ್ರದ ಮೇಲೆ ಮಡ್‌ಗಾರ್ಡಿನ ಅಂಚಿಗೆ ಬರುವ ಆ ಪ್ಲಾಸ್ಟಿಕ್ ಪಟ್ಟಿ, ಫ್ಲೇರ್, ಕೂರಿಸಿಬಿಡೋಣ ಅಂತ ಹೊರಟೆ. ಮಡ್‌ಗಾರ್ಡಿಗೆ ಅಂಟಿದ್ದ ನೀಲಿ ಟೇಪನ್ನು ಕಸ ಅಂದುಕೊಂಡು ಕಿತ್ತೆಸೆದು, ಕಣ್ಣಳತೆಯಲ್ಲೇ ಡ್ರಿಲ್ ಹಾಕಿದೆ. ಬಲಗಡೆ ಐದು ತೂತು. ಐದೂ ಫ್ಲೇರಿನಿಂದ ಆಚೆ ಬಿದ್ದು ಎದ್ದು ಕಾಣುತ್ತಿವೆ. ಆಮೇಲೆ ಟೇಪ್ ಎತ್ತಿ ನೋಡಿದರೆ ಅದರ ತುಂಬ ಎಲ್ಲೆಲ್ಲಿ ಕೊರೆಯಬೇಕೆಂಬ ನಿನ್ನ ಪೆನ್ಸಿಲ್ ಗುರುತು. ಅವತ್ತು ಅಳೆಯುತ್ತಾ ಕೂತವಳಿಗೆ “ಜೀಪಿಗೇನು ಅಂಗಿ ಹೊಲೀತಿದ್ದೀಯಾ?” ಅಂತ ನಕ್ಕೆನೇ ಹೊರತು, ಏನು ಮಾಡ್ತಿದ್ದೀಯ ಅಂತ ಕೇಳಲಿಲ್ಲ.

ತುಕ್ಕು ಹಿಡಿಯದಿರಲಿ ಅಂತ ತೂತುಗಳಿಗೆ ಪ್ರೈಮರ್ ಬಳಿದಿದ್ದೇನೆ. ಬೈಯುವುದಿದ್ದರೆ ಫೋನ್ ಮಾಡು, ಎತ್ತುತ್ತೇನೆ.

ಎಡಗಡೆಯ ಟೇಪ್ ಮುಟ್ಟಿಲ್ಲ. ಡ್ರಿಲ್ ನಿನ್ನ ಮೇಜಿನ ಮೇಲಿದೆ. ಸಂಜೆ ನೀನೇ ಕೊರಿ. ನಾನು ಟಾರ್ಚ್ ಹಿಡಿದು, ಬಾಯಿ ಮುಚ್ಚಿಕೊಂಡು ನಿಂತಿರುತ್ತೇನೆ.

ಅಣ್ಣ